ಮೂವತ್ತೇಳು ಅಂಗುಲ

ಹೆಪ್ಪುಗಟ್ಟಿದ ನದಿ ಸದ್ದು ಮಾಡುತ್ತಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ಚಳಿಯಲ್ಲಿ ನಮ್ಮ ಟನಾನಾ ನದಿ ಗುಡುಗುತ್ತದೆ, ನರಳುತ್ತದೆ. ಮಂಜುಗಡ್ಡೆ ಬಿಗಿಯುತ್ತಿದೆ ಎಂದು ಅದರ ಅರ್ಥ. ಆ ವರ್ಷ ಮಾರ್ಚ್ ಕೊನೆಯ ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ದಡಕ್ಕೆ ಬಂದರೆ ನದಿಯಿಂದ ಒಂದು ಪಿಸುಮಾತೂ ಇರಲಿಲ್ಲ. ಬೆಟ್ಟಗಳ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನನ್ನ ಹೆಸರು ವರ್ನಾ ಟೈಟಸ್. ಅಲಾಸ್ಕಾದಲ್ಲಿ ಇದೇ ದಡದಲ್ಲಿ ಹುಟ್ಟಿದವಳು. ಹದಿನಾಲ್ಕು ಚಳಿಗಾಲದಿಂದ ಸೇನೆಗೆ ನದಿಯ ಮೇಲೆ ದಾರಿ ಮಾಡಿಕೊಡುವುದು ನನ್ನ ಮತ್ತು ನನ್ನ ಚಿಕ್ಕಪ್ಪನ ಮಗ ಲಿಯಾಂಡರನ ಕೆಲಸ. ಆಚೆ ದಡದಲ್ಲಿ ತರಬೇತಿಯ ಬಯಲಿದೆ, ಅಲ್ಲಿಗೆ ಹೋಗಲು ಸೇತುವೆಯಿಲ್ಲ. ಡಿಸೆಂಬರಿನಲ್ಲಿ ನದಿಯ ಮೇಲಿನ ಹಿಮ ಗೋರಿ, ತೂತು ಕೊರೆದು, ಪಂಪಿನಿಂದ ನೀರೆತ್ತಿ ಹರಡುತ್ತೇವೆ. ಅದು ಕಲ್ಲಾದ ಮೇಲೆ ಇನ್ನೊಂದು ಪದರ. ಹಾಗೆ ತಿಂಗಳುಗಟ್ಟಲೆ. ಜನವರಿಯಲ್ಲಿ ಗಾಡಿಗಳು ಆಚೆಗೆ ಹೋಗುತ್ತವೆ, ಮಾರ್ಚ್ ಮುಗಿಯುವುದರೊಳಗೆ ಈಚೆಗೆ ಬರಬೇಕು. ಒಂದೊಂದು ಗಾಡಿ ಇಳಿಯುವ ಮೊದಲೂ ಬೈರಿಗೆಯಿಂದ ಕೊರೆದು, ಕೊಕ್ಕೆಕೋಲು ಇಳಿಸಿ, ಗಡ್ಡೆ ಎಷ್ಟು ಅಂಗುಲ ದಪ್ಪವಿದೆ ಎಂದು ಅಳೆದು ನಾನು ಸಹಿ ಹಾಕಬೇಕು. ನನ್ನ ಸಹಿಯಿಲ್ಲದೆ ಒಂದು ಚಕ್ರವೂ ನದಿಗೆ ಇಳಿಯುವ ಹಾಗಿಲ್ಲ.

ಆ ಶುಕ್ರವಾರ ಆಚೆ ದಡದಲ್ಲಿ ಇನ್ನೂರು ಜನ ಸೈನಿಕರೂ ನಲವತ್ತೇಳು ಗಾಡಿಗಳೂ ಉಳಿದಿದ್ದವು.

ಆ ತುಕಡಿಯ ಮೇಜರ್ ಹ್ಯಾಸ್ಕೆಲ್ ಹತ್ತು ಗಂಟೆಗೆ ನಮ್ಮ ಡೇರೆಗೆ ಬಂದರು. ತೆಳ್ಳಗಿನ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಜೋರು ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

"ವರ್ನಾ ಮೇಡಂ, ಎಷ್ಟು ದಿನ ಕೊಡುತ್ತೆ ಈ ನದಿ?"

"ನದೀನ ಕೇಳ್ಬೇಕು."

"ನಿಮ್ಮನ್ನ ಕೇಳ್ತಿದೀನಿ."

"ಗಾಳಿ ನಿಂತ್ರೆ ಒಂದು ವಾರ. ಇಲ್ಲಾಂದ್ರೆ ನಾಳೆ, ನಾಡಿದ್ದು. ಅಷ್ಟೇ."

ಅವರು ಹಣೆ ಉಜ್ಜಿಕೊಂಡರು. ಈ ಗಾಡಿಗಳು ಏಪ್ರಿಲ್ ಹತ್ತಕ್ಕೆ ರೈಲು ಹತ್ತಬೇಕಿತ್ತು, ಮೇ ತಿಂಗಳಲ್ಲಿ ಹಡಗು. ಸಮುದ್ರದಾಚೆ ಎಲ್ಲಿಗೋ ಆ ತುಕಡಿಗೆ ಅಪ್ಪಣೆಯಾಗಿತ್ತು. ಆಚೆ ದಡದಲ್ಲಿ ಉಳಿದರೆ ಮುಂದಿನ ಡಿಸೆಂಬರಿನವರೆಗೆ ಅವುಗಳನ್ನು ಅಲ್ಲಾಡಿಸುವಂತಿಲ್ಲ. ಜನರನ್ನಾದರೆ ಹೆಲಿಕಾಪ್ಟರಿನಲ್ಲಿ ತರಬಹುದು. ಗಾಡಿಗಳಿಲ್ಲದ ಜನರನ್ನು ಕಳಿಸಿ ಏನು ಮಾಡುವುದು ಎಂದು ಮೇಲಿನವರು ಕೇಳುತ್ತಾರೆ.

"ನಾಳೆ ಬೆಳಕು ಹರಿದ ಕೂಡ್ಲೇ ಶುರು ಮಾಡೋಣ," ಎಂದರು ಮೇಜರ್.

ಆ ಮಧ್ಯಾಹ್ನ ನಾನು ದಾರಿಯುದ್ದಕ್ಕೂ ಕೊರೆಯುತ್ತ ಹೋದೆ. ಆಚೆ ದಡ ಮುಟ್ಟುವ ಹೊತ್ತಿಗೆ ಒಬ್ಬ ಸಾರ್ಜೆಂಟ್ ಬಂದು ಪಕ್ಕದಲ್ಲಿ ನಿಂತ. ದಡದ ಮೇಲೆಯೇ ನಿಂತಿದ್ದ, ಒಂದು ಹೆಜ್ಜೆಯೂ ಗಡ್ಡೆಯ ಮೇಲಿಡಲಿಲ್ಲ. ನಲವತ್ತು ದಾಟಿದವನು, ಗುಂಡಗಿನ ಮುಖ. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ದೊಡ್ಡ ಕ್ರೇನ್ ಲಾರಿ ಅವನದು. ಮೂವತ್ತು ಟನ್ ತೂಕ. ಹೆಸರು ಡ್ವೇನ್ ಪ್ರೂಯಿಟ್, ಊರು ಬಿಸಿಲಿನ ದಕ್ಷಿಣದ ಲೂಸಿಯಾನ.

"ಎಷ್ಟಿದೆ ಮೇಡಂ?"

"ಇಲ್ಲಿ ಮೂವತ್ತೊಂಬತ್ತು ಅಂಗುಲ."

"ನನ್ನ ಲಾರಿಗೆ ಎಷ್ಟು ಬೇಕು?"

"ಮೂವತ್ತಾರು."

"ಮೂರು ಅಂಗುಲ ಜಾಸ್ತಿ ಇದೆ, ಹಾಗಾದ್ರೆ." ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಆಮೇಲೆ ನಕ್ಕ. "ನಮ್ಮೂರಲ್ಲಿ ಐಸು ಅಂದ್ರೆ ಲೋಟದೊಳಗೆ ಇರೋದು ಮೇಡಂ. ಅದರ ಮೇಲೆ ಲಾರಿ ಓಡಿಸ್ತೀನಿ ಅಂದ್ರೆ ನಮ್ಮಮ್ಮ ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತಾಳೆ."

ನಾನೂ ನಕ್ಕೆ. ಬರುವಾಗ ಹೇಗೆ ದಾಟಿದಿರಿ ಎಂದು ಕೇಳಿದೆ.

"ಬರುವಾಗ ಜನವರಿ. ಕತ್ತಲೆ, ಏನೂ ಕಾಣಲಿಲ್ಲ. ದಾಟಿದ್ದೂ ಗೊತ್ತಾಗಲಿಲ್ಲ." ಬೂಟಿನ ತುದಿಯಿಂದ ದಡದ ಹಿಮ ಕೆದಕುತ್ತ ಹೇಳಿದ: "ಇಪ್ಪತ್ತೆರಡು ವರ್ಷದವನಿದ್ದಾಗ ಇರಾಕಿನಲ್ಲಿ ನಮ್ಮ ಗಾಡಿ ಕಾಲುವೆಗೆ ಉರುಳಿತು. ನೀರು ನನ್ನೆದೆಗಿಂತ ಮೇಲಿರಲಿಲ್ಲ ಮೇಡಂ. ಆದ್ರೆ ಬಾಗಿಲು ತೆರೀಲಿಲ್ಲ. ಹಿಂದೆ ಕೂತಿದ್ದವನು ಹೋದ. ಫೆಂಟನ್ ಅಂತ. ನನ್ನ ಕಾಲರ್ ಹಿಡ್ಕೊಂಡಿದ್ದ."

"ಮೇಜರಿಗೆ ಗೊತ್ತಾ ಇದು?"

"ಅವರಿಗ್ಯಾಕೆ? ಲಾರಿ ಓಡಿಸೋಕೆ ಬರೋರು ಬೇರೆಯವರೂ ಇದಾರೆ, ಆದ್ರೆ ಚೆನ್ನಾಗಿ ಬರೋನು ನಾನೊಬ್ಬನೇ." ಕೈಗಳನ್ನು ಜೇಬಿಗೆ ತುರುಕಿಕೊಂಡು ಹೊರಟುಹೋದ.

ಶನಿವಾರ ಏಳೂವರೆಗೆ ಮೊದಲ ಗಾಡಿ ಇಳಿಯಿತು. ನದಿ ದಾಟುವುದಕ್ಕೆ ನಮ್ಮದೇ ನಿಯಮಗಳಿವೆ. ಒಂದು ಗಾಡಿಗೆ ಒಬ್ಬನೇ ಚಾಲಕ, ಉಳಿದವರು ನಡೆದು ದಾಟಬೇಕು. ಸೀಟ್ ಬೆಲ್ಟ್ ಹಾಕಬಾರದು. ಎರಡೂ ಬಾಗಿಲು ತೆರೆದು ಹಗ್ಗದಿಂದ ಕಟ್ಟಿರಬೇಕು. ಮನುಷ್ಯ ಬಿರುಸಾಗಿ ನಡೆಯುವ ವೇಗ, ಅದಕ್ಕಿಂತ ಹೆಚ್ಚಾದರೆ ಗಡ್ಡೆಯ ಕೆಳಗೆ ಅಲೆಯೆದ್ದು ಮುಂದಿನ ದಾರಿಯನ್ನೇ ಒಡೆಯುತ್ತದೆ. ಎಲ್ಲಕ್ಕಿಂತ ದೊಡ್ಡದು, ಏನೇ ಆದರೂ ನಿಲ್ಲಬಾರದು. ಚಲಿಸುವ ಭಾರವನ್ನು ಹೊರುವ ಗಡ್ಡೆ ನಿಂತ ಭಾರಕ್ಕೆ ಬಗ್ಗುತ್ತದೆ, ಬಗ್ಗುತ್ತಲೇ ಹೋಗುತ್ತದೆ.

ಹಗುರ ಗಾಡಿಗಳು ಮೊದಲು, ಆಮೇಲೆ ಟ್ಯಾಂಕರುಗಳು. ಕ್ರೇನ್ ಲಾರಿ ಕೊನೆಗೆ. ಯಾವುದಾದರೂ ಗಾಡಿ ಕೆಟ್ಟರೆ ಎಳೆಯಲು ಅದು ಆಚೆ ದಡದಲ್ಲೇ ಇರಬೇಕಲ್ಲ. ಹೀಗೆ ಎಲ್ಲಕ್ಕಿಂತ ಭಾರದ ಗಾಡಿ, ಎಲ್ಲಕ್ಕಿಂತ ತುಳಿಸಿಕೊಂಡ ದಾರಿಯ ಮೇಲೆ, ಎಲ್ಲಕ್ಕಿಂತ ಬಿಸಿಲಿನ ಹೊತ್ತಿನಲ್ಲಿ ಬರಬೇಕಾಯಿತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹದಿನಾಲ್ಕು ವರ್ಷ ಹೀಗೆಯೇ ನಡೆದಿತ್ತು, ಯಾವತ್ತೂ ಏನೂ ಆಗಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ನಲವತ್ತಾರು ಗಾಡಿಗಳು ಈಚೆಗೆ ಬಂದಿದ್ದವು. ದಾರಿಯ ಮೇಲೆ ಪಾದ ಮುಳುಗುವಷ್ಟು ನೀರು. ಬಿಸಿಲು ಕಣ್ಣು ಚುಚ್ಚುತ್ತಿತ್ತು. ಕೊನೆಯ ಸಲ ಅಳೆಯಲು ಹೋದೆ. ನಮ್ಮ ದಡದಿಂದ ನೂರಿಪ್ಪತ್ತು ಗಜ ದೂರದಲ್ಲಿ, ನದಿ ಆಳವಿರುವ ಕಡೆ, ಬೈರಿಗೆ ಇಟ್ಟೆ. ಗಟ್ಟಿ ಗಡ್ಡೆಯಾದರೆ ಬೈರಿಗೆ ಕಿರುಗುಟ್ಟುತ್ತದೆ, ಒಣ ಪುಡಿ ಹಾರುತ್ತದೆ. ಅವತ್ತು ಅದು ಬೆಂದ ಕುಂಬಳಕಾಯಿಗೆ ಚಾಕು ಇಳಿದ ಹಾಗೆ ಇಳಿಯಿತು. ಮೇಲೆ ಬಂದದ್ದು ಪುಡಿಯಲ್ಲ, ಒದ್ದೆ ಕಾಳುಗಳು. ವಸಂತದ ಬಿಸಿಲಿಗೆ ಗಡ್ಡೆ ಮೇಲಿಂದ ಕೆಳಕ್ಕೆ ಕಡ್ಡಿಕಡ್ಡಿಯಾಗಿ ಬಿಡಿಸಿಕೊಳ್ಳುತ್ತದೆ. ದಪ್ಪ ಹಾಗೇ ಇರುತ್ತದೆ, ಒಂದಕ್ಕೊಂದರ ಹಿಡಿತ ಹೋಗಿರುತ್ತದೆ. ಕೊಕ್ಕೆಕೋಲು ಇಳಿಸಿ ನೋಡಿದೆ. ಮೂವತ್ತೇಳು.

ವಾಪಸು ಬಂದು ಮೇಜರಿಗೆ ಹೇಳಿದೆ: "ಅದೊಂದು ಅಲ್ಲೇ ಇರಲಿ ಬಿಡಿ."

"ಎಷ್ಟಿದೆ?"

"ಮೂವತ್ತೇಳು. ಆದ್ರೆ ಐಸು ಸರಿಯಿಲ್ಲ. ಕಡ್ಡಿ ಬಿಡ್ತಿದೆ. ಕೈಗೆ ಗೊತ್ತಾಗ್ತಿದೆ ನನಗೆ."

"ಸೇನೆಯ ತೂಕದ ಪಟ್ಟಿ ಪ್ರಕಾರ ಮೂವತ್ತಾರು ಸಾಕು."

"ಪಟ್ಟಿ ಬರೆದೋನು ಇವತ್ತು ಇಲ್ಲಿ ನಿಂತಿಲ್ಲ."

ಅವರು ಸಿಟ್ಟಾಗಲಿಲ್ಲ. ಕಾಗದವನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು. "ಬೇಡ ಅಂತ ಬರೀರಿ. ನಾನು ಒಪ್ಕೋತೀನಿ. ಕಾರಣ ಅನ್ನೋ ಜಾಗದಲ್ಲಿ ಮಾತ್ರ ಏನಾದ್ರೂ ಬರೀಬೇಕು. ಕೈಗೆ ಗೊತ್ತಾಯ್ತು ಅಂತ ಬರೆದ್ರೆ ಮೇಲಿನವರು ನನ್ನ ಕೇಳ್ತಾರೆ, ಅಷ್ಟೇ."

ಡೇರೆಯಲ್ಲಿ ಇನ್ನೂ ಐದಾರು ಜನ ಇದ್ದರು. ಒಬ್ಬ ಇನ್ನೊಬ್ಬನಿಗೆ ಏನೋ ಪಿಸುಗುಟ್ಟಿದ, ಇಬ್ಬರೂ ನಗು ತಡೆದು ತುಟಿ ಬಿಗಿಹಿಡಿದರು. ಅವರೇನು ಹೇಳಿಕೊಂಡರೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಮಾರ್ಚ್ ಇಪ್ಪತ್ತಕ್ಕೇ ನಾನು ದಾರಿ ಮುಚ್ಚಿಸಿದ್ದೆ. ಆಮೇಲೆ ಚಳಿ ಮರಳಿ ಬಂದು ಗಡ್ಡೆ ಮೂರು ವಾರ ಬಂಡೆಯ ಹಾಗೆ ಕೂತಿತ್ತು. ಹನ್ನೊಂದು ಗಾಡಿಗಳು ಬೇಸಿಗೆಯೆಲ್ಲ ಆಚೆ ದಡದಲ್ಲಿ ಸೊಳ್ಳೆ ಎಣಿಸಿದವು. ಯಾರೋ ನನ್ನ ಮನೆ ಬಾಗಿಲಿಗೆ ಮಕ್ಕಳು ಈಜಲು ಕಟ್ಟಿಕೊಳ್ಳುವ ಹಳದಿ ಟ್ಯೂಬ್ ನೇತುಹಾಕಿ ಹೋಗಿದ್ದರು. ಲಿಯಾಂಡರನೂ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಸಹಿ ಹಾಕಿದೆ. ಮೂವತ್ತೇಳು ಅಂಗುಲ ಎಂದು ಬರೆದು, ಕೆಳಗೆ ಸಹಿ.

ರೇಡಿಯೋದಲ್ಲಿ ಪ್ರೂಯಿಟ್‌ಗೆ ತಿಳಿಸಿದರು. ಗರಗರ ಸದ್ದಿನ ನಡುವೆ ಅವನ ದನಿ: "ಮೇಡಂ ಇದಾರಾ ಅಲ್ಲಿ?"

ರೇಡಿಯೋ ಇಸಿದುಕೊಂಡೆ. "ಇದೀನಿ."

"ನೀವು ಸಹಿ ಹಾಕಿದ್ರಾ?"

"ಹಾಕಿದೆ."

"ಹಾಗಾದ್ರೆ ಸರಿ," ಅಂದ. "ಹೊರಟೆ."

ಆ ಮೂರು ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇವೆ. ಆಗಲೇ ಕೂಗಿ ನಿಲ್ಲಿಸಬಹುದಿತ್ತು. ರೇಡಿಯೋವನ್ನು ಮೇಜರರ ಕೈಗೆ ವಾಪಸು ಕೊಟ್ಟೆ.

ಲಾರಿ ಆಚೆ ದಡದಿಂದ ಇಳಿಯಿತು. ನೀರು ಚಿಮ್ಮಿಸುತ್ತ, ಕಟ್ಟಿದ ಬಾಗಿಲುಗಳು ಕಿವಿಗಳ ಹಾಗೆ ಎರಡೂ ಕಡೆ ಚಾಚಿಕೊಂಡು, ನಿಧಾನವಾಗಿ ಬಂತು. ಚೆನ್ನಾಗಿಯೇ ಓಡಿಸುತ್ತಿದ್ದ. ಅರ್ಧ ದಾಟಿದ. ಲಿಯಾಂಡರ್ ನನ್ನ ಪಕ್ಕದಲ್ಲಿ ಗಡ್ಡೆಗೆ ನೆಟ್ಟ ಕೋಲುಗಳನ್ನು ಎಣಿಸುತ್ತಿದ್ದ. "ಇನ್ನು ಎಂಟು, ಅಕ್ಕಾ. ಇನ್ನು ಏಳು."

ಆಗ ಸಿಡಿಯಿತು. ಚಳಿಗಾಲದ ಗುಡುಗಲ್ಲ, ಒಣ ಕೊಂಬೆಯೊಂದು ಮುರಿದ ಹಾಗೆ ಒಂದೇ ಸಲ, ಸಣ್ಣಗೆ. ಲಾರಿಯ ಮುಂದೆ ದಾರಿಗೆ ಅಡ್ಡಲಾಗಿ ಕಪ್ಪು ಗೆರೆ ಮೂಡಿತು. ಲಾರಿ ನಿಂತುಬಿಟ್ಟಿತು.

"ನಿಲ್ಲಬೇಡ!" ಮೇಜರ್ ರೇಡಿಯೋದಲ್ಲಿ ಕಿರುಚಿದರು. ಅವರು ದನಿಯೇರಿಸಿದ್ದನ್ನು ಅವತ್ತೇ ಕೇಳಿದ್ದು. "ಪ್ರೂಯಿಟ್, ಮುಂದೆ ಬಾ! ಮುಂದೆ ಬಾ!"

ಲಾರಿ ಕದಲಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಚಕ್ರಗಳ ಸುತ್ತ ನೀರು ಸೇರತೊಡಗಿತು. ನಾಲ್ಕೂ ಕಡೆಯಿಂದ ಹರಿದು ಬಂದು ಲಾರಿಯ ಕೆಳಗೆ ಸೇರುತ್ತಿತ್ತು, ಬಿಗಿದು ಕಟ್ಟಿದ ಬಟ್ಟೆಯ ನಡುವೆ ಕಲ್ಲಿಟ್ಟ ಹಾಗೆ. ಗಡ್ಡೆ ಬಗ್ಗುತ್ತಿದೆ ಎಂದು ಅದನ್ನು ನೋಡಿದರೆ ಯಾರಿಗೂ ಹೇಳಬೇಕಾಗಿರಲಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಲಿಯಾಂಡರ್ ತೋಳು ಹಿಡಿದ. "ಅಕ್ಕಾ, ಹುಚ್ಚಾ ನಿನಗೆ? ಅವನೇ ಇಳಿದು ಬರ್ತಾನೆ."

"ಅವನು ಇಳಿಯಲ್ಲ."

"ಹಾಗಾದ್ರೆ ನಾನು ಹೋಗ್ತೀನಿ."

"ನೀನು ನನಗಿಂತ ಅರವತ್ತು ಪೌಂಡು ಜಾಸ್ತಿ ಇದೀಯ. ಹಗ್ಗ ಹಿಡ್ಕೋ. ನಾನು ಮುಳುಗಿದ್ರೆ ಎಳಿ, ಇಲ್ಲಾಂದ್ರೆ ಸುಮ್ನಿರು."

ನೂರಿಪ್ಪತ್ತು ಗಜ. ಆ ದಾರಿಯನ್ನು ನಾನೇ ಕಟ್ಟಿದ್ದೆ, ಸಾವಿರ ಸಲ ನಡೆದಿದ್ದೆ. ಅವತ್ತು ಒಂದೊಂದು ಹೆಜ್ಜೆಗೂ ಪಾದದ ಕೆಳಗೆ ಗಡ್ಡೆ ಉಸಿರಾಡಿದ ಹಾಗಾಗುತ್ತಿತ್ತು. ಅರ್ಧ ದಾರಿಯಲ್ಲಿ ತಿರುಗಿಬಿಡೋಣ ಎನ್ನಿಸಿತು. ನಿಜವಾಗಿಯೂ ತಿರುಗಿದೆ. ಹಿಂದೆ ನೋಡಿದರೆ ದಡದ ಮೇಲೆ ಇನ್ನೂರು ಜನ ನನ್ನನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಮುಖ ತೋರಿಸಲಾರದೆ ಮತ್ತೆ ಲಾರಿಯ ಕಡೆಗೆ ನಡೆದೆ. ಧೈರ್ಯ ಎಂದು ಆಮೇಲೆ ಯಾರ್ಯಾರೋ ಹೇಳಿದರು. ಧೈರ್ಯವಲ್ಲ ಅದು.

ಲಾರಿಯ ಹತ್ತಿರ ನೀರು ಮೊಣಕಾಲಿನವರೆಗೆ ಬಂತು. ಪ್ರೂಯಿಟ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಪ್ರೂಯಿಟ್. ಇಳಿ ಬಾ."

"ಬಾಗಿಲು ತೆರೀತಿಲ್ಲ ಮೇಡಂ."

ಬಾಗಿಲು ಅವನ ಎಡಗಡೆ ಹಾರು ಹೊಡೆದುಕೊಂಡಿತ್ತು. ಗಾಳಿ ಅವನ ಕಿವಿಗೆ ಬಡಿಯುತ್ತಿತ್ತು.

"ತೆರೆದಿದೆ. ನಾನು ಇಲ್ಲೇ ನಿಂತಿದೀನಿ, ನೋಡು."

"ತೆರೀತಿಲ್ಲ. ಎಷ್ಟು ತಳ್ಳಿದ್ರೂ ತೆರೀತಿಲ್ಲ."

ಅವನು ತಳ್ಳಿರಲೇ ಇಲ್ಲ. ಗಡ್ಡೆ ನನ್ನ ಕಾಲ ಕೆಳಗೆ ಇನ್ನೊಂದು ಅಂಗುಲ ಇಳಿಯಿತು. ಅವನಿಗೆ ಓಡಿಸಿಕೊಂಡು ಹೋಗು ಎನ್ನಬೇಕೇ, ಇಳಿ ಎನ್ನಬೇಕೇ? ಚಕ್ರಗಳು ಈಗ ಗುಂಡಿಯೊಳಗಿದ್ದವು, ಏರಿ ಹೊರಗೆ ಬರಲು ಎಂಜಿನ್ ಬಲ ಹಾಕಿದರೆ ಅಂಚೇ ಮುರಿಯುತ್ತಿತ್ತು. ಲಾರಿ ಹೋದ ಹಾಗೆಯೇ ಎಂದು ನಿರ್ಧರಿಸಿದೆ.

"ಮಗಾ, ಎಡಗೈ ಕೊಡು ಇಲ್ಲಿ," ಎಂದೆ. ನಮ್ಮ ಮನೆಯ ಹುಡುಗರಿಗೆ ಹೇಳುವ ಹಾಗೆ. "ಬಾಗಿಲ ತಂಟೆಗೆ ಹೋಗಬೇಡ. ಕೈ ಒಂದು ಕೊಡು ಸಾಕು."

"ಕೈ ಬಿಟ್ರೆ ಮುಳುಗುತ್ತೆ."

"ಬಿಡದಿದ್ರೂ ಮುಳುಗುತ್ತೆ. ಕೊಡು ಇಲ್ಲಿ."

ಮೆಟ್ಟಿಲು ಹತ್ತಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕೈಗವಸು ಬೆವರಿನಿಂದ ತೊಯ್ದಿತ್ತು. ಕೈಯನ್ನು ಎಳೆದು ಹೊರಗಿನ ಗಾಳಿಗೆ ಚಾಚಿಸಿದೆ. ಅಡ್ಡಿಯಿಲ್ಲದೆ ಅದು ಹೊರಗೆ ಬಂದದ್ದನ್ನು ಅವನು ಬೆರಗಾಗಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮಗುವಿನ ಹಾಗೆ ಪಕ್ಕಕ್ಕೆ ಜಾರಿ ನನ್ನ ಮೈಮೇಲೆಯೇ ಇಳಿದ. ಇಬ್ಬರೂ ನೀರಿಗೆ ಬಿದ್ದೆವು, ಎದ್ದೆವು.

"ಓಡಬೇಡ. ನನ್ನಿಂದ ಹತ್ತು ಹೆಜ್ಜೆ ದೂರ ಇರು. ಕಾಲೆತ್ತಬೇಡ, ಜಾರಿಸ್ತಾ ಬಾ."

ಐವತ್ತು ಗಜ ಬಂದಿದ್ದೆವೋ ಏನೋ. ಹಿಂದಿನಿಂದ ಒಂದು ನಿಟ್ಟುಸಿರಿನಂಥ ಸದ್ದು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾಲ ಕೆಳಗಿನ ಗಡ್ಡೆ ಮೇಲಕ್ಕೆದ್ದು ಕೆಳಕ್ಕಿಳಿಯಿತು, ಇಬ್ಬರೂ ಮಂಡಿಯೂರಿ ಬಿದ್ದೆವು. ತಿರುಗಿ ನೋಡಿದಾಗ ಕ್ರೇನಿನ ತುದಿ ಮಾತ್ರ ಕಾಣುತ್ತಿತ್ತು. ಅದೂ ಸಾವಕಾಶವಾಗಿ, ಯಾವ ಅವಸರವೂ ಇಲ್ಲದೆ, ಒಳಗೆ ಹೋಯಿತು. ಕಪ್ಪು ನೀರಿನ ಮೇಲೆ ಎಣ್ಣೆ ಹರಡಿಕೊಂಡಿತು.

ಪ್ರೂಯಿಟ್ ವಾಂತಿ ಮಾಡಿಕೊಂಡ. ಇಬ್ಬರೂ ಹಗ್ಗ ಹಿಡಿದೆವು, ಉಳಿದ ದಾರಿಯುದ್ದಕ್ಕೂ ಲಿಯಾಂಡರ್ ನಮ್ಮನ್ನು ಎಳೆದುಕೊಂಡ. ಡೇರೆಯ ಒಲೆಯ ಮುಂದೆ ಕಂಬಳಿ ಹೊದ್ದು ಕೂತಾಗ ಪ್ರೂಯಿಟ್ ಹೇಳಿದ್ದು ಒಂದೇ ಮಾತು: "ನಾನು ನಿಲ್ಲಿಸಬಾರದಿತ್ತು." ನಾನು ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದೆ. ಮೇಜರ್ ಒಳಗೆ ಬಂದು ಇಬ್ಬರ ಹೆಗಲನ್ನೂ ಮುಟ್ಟಿ ಹೊರಗೆ ಹೋದರು.

ವಿಚಾರಣೆ ಏಪ್ರಿಲಿನಲ್ಲಿ ನಡೆಯಿತು. ಕಾಗದದಲ್ಲಿ ಮೂವತ್ತೇಳು ಎಂದಿತ್ತು, ಪಟ್ಟಿಯಲ್ಲಿ ಮೂವತ್ತಾರು. ಎಲ್ಲ ನಿಯಮದಂತೆಯೇ ನಡೆದಿದೆ, ಚಾಲಕ ನಿಲ್ಲಿಸಿದ್ದೇ ಕಾರಣ ಎಂದು ಬರೆಯುವುದರಲ್ಲಿದ್ದರು. ಎದ್ದು ನಿಂತು ಹೇಳಿದೆ: "ಐಸು ಕೆಟ್ಟಿದೆ ಅಂತ ನನಗೆ ಗೊತ್ತಿತ್ತು. ನಗ್ತಾರೆ ಅಂತ ಹೆದರಿ ಸಹಿ ಹಾಕಿದೆ." ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ಮೇಜರರ ಮುಖ ನೋಡಿದ. ಮೇಜರ್, "ಅವರು ಬೇಡ ಅಂತ ಮೊದಲು ಹೇಳಿದ್ರು. ಕಾಗದ ಮುಂದಿಟ್ಟೋನು ನಾನು. ಅದನ್ನೂ ಬರ್ಕೊಳ್ಳಿ," ಎಂದರು. ಅವರಿಗೆ ಬಡ್ತಿ ತಪ್ಪಿತು ಎಂದು ಆಮೇಲೆ ಕಿವಿಗೆ ಬಿತ್ತು. ಪ್ರೂಯಿಟ್ ಮೇಲೆ ಯಾವ ಕ್ರಮವೂ ಆಗಲಿಲ್ಲ. ಜುಲೈಯಲ್ಲಿ ಮುಳುಗುಗಾರರನ್ನು ಕರೆಸಿ ಲಾರಿಯನ್ನು ಮೇಲೆತ್ತಿದರು. ನದಿಯ ಕೆಳಹರಿವಿನ ಹಳ್ಳಿಯವರು, ನನ್ನ ಸ್ವಂತ ಚಿಕ್ಕಮ್ಮನೂ ಸೇರಿ, ಆ ಬೇಸಿಗೆ ಮೀನಿಗೆ ಎಣ್ಣೆಯ ವಾಸನೆಯಿದೆ ಎಂದು ನನ್ನೊಡನೆ ಮಾತು ಬಿಟ್ಟರು.

ನವೆಂಬರಿನಲ್ಲಿ ಹೊಸ ಮೇಜರ್ ಕರೆದರು. ಇನ್ನು ಮೇಲೆ ಭಾರದ ಗಾಡಿ ಬೆಳಗಿನ ಚಳಿಯಲ್ಲಿ ಮೊದಲು ದಾಟಬೇಕು, ಎಳೆಯುವ ಲಾರಿ ಎರಡೂ ದಡದಲ್ಲಿ ಒಂದೊಂದಿರಬೇಕು, ನಾನು ಬೇಡ ಎಂದರೆ ಕಾರಣ ಕೇಳಬಾರದು ಎಂದೆ. ಮೂರನೆಯದಕ್ಕೆ ಅವರು ತಲೆ ಕೆರೆದುಕೊಂಡರು, ಆದರೂ ಒಪ್ಪಿದರು.

ಅದಕ್ಕೆ ಮೊದಲು ಆಗಸ್ಟಿನಲ್ಲೊಮ್ಮೆ ಪ್ರೂಯಿಟ್ ಫೋನ್ ಮಾಡಿದ್ದ, ಸಮುದ್ರದಾಚೆಯಿಂದ. ಅವನಿಗೆ ಅಲ್ಲಿ ಉಗ್ರಾಣದ ಕೆಲಸ ಕೊಟ್ಟಿದ್ದರು. ಹಿತ್ತಲಲ್ಲಿ ಮೀನು ಸೀಳುತ್ತಿದ್ದವಳು ಕೈ ಒರೆಸಿಕೊಂಡು ಫೋನ್ ತೆಗೆದೆ.

"ಮೇಡಂ, ಒಂದು ಕೇಳ್ಲಾ? ನಾನು ನಿಲ್ಲಿಸದೇ ಇದ್ದಿದ್ರೆ ದಾಟ್ತಿತ್ತಾ?"

ಬೇಸಿಗೆಯೆಲ್ಲ ನಾನೂ ಅದನ್ನೇ ಕೇಳಿಕೊಂಡಿದ್ದೆ. ದಾಟುತ್ತಿತ್ತು ಎಂದರೆ ಅವನ ಮೇಲೆ ಭಾರ, ಇಲ್ಲ ಎಂದರೆ ಸುಳ್ಳಾದರೂ ಆಗಬಹುದು.

"ಗೊತ್ತಿಲ್ಲ ಪ್ರೂಯಿಟ್," ಎಂದೆ. "ನಾನು ಸಹಿ ಹಾಕದೇ ಇದ್ದಿದ್ರೆ ನೀನು ಅಲ್ಲಿ ಇರ್ತಾನೇ ಇರಲಿಲ್ಲ. ಅದು ಮಾತ್ರ ಗೊತ್ತು."

ಅವನ ಹಿಂದೆ ಎಲ್ಲೋ ಲಾರಿಗಳು ಹಾದುಹೋಗುವ ಸದ್ದು ಕೇಳಿಸುತ್ತಿತ್ತು.

"ಚಿಕ್ಕಮ್ಮ ಮಾತಾಡಿಸ್ತಾರಾ ಈಗ?" ಎಂದು ಕೇಳಿದ. ಯಾರು ಹೇಳಿದರೋ ಅವನಿಗೆ, ಲಿಯಾಂಡರನೇ ಇರಬೇಕು.

"ಇಲ್ಲ," ಎಂದೆ. "ನಿನ್ನೆ ಮಾತ್ರ ಉಪ್ಪು ಕೇಳಿ ಕಳಿಸಿದ್ಲು."